ಮೇಕೆ ಕಾಲಿನಿಂದ ಬಾಣದ ಮೊನೆ

ಶ್ರೀಲಂಕಾದ ಫಾ-ಹಿಯೆನ್ ಲೇನ ಗುಹೆಯಲ್ಲಿ ಸುಮಾರು 48,000 ವರ್ಷ ಹಳೆಯ ಮೂಳೆಯ ಬಾಣದ ಮೊನೆಗಳು ಸಿಕ್ಕಿವೆ. ಹೆಚ್ಚಿನವು ಕೋತಿ ಮೂಳೆಯವು. ಅದೇ ಜನ ಬೆಣಚುಕಲ್ಲಿನ ಚೂಪಾದ ಚಕ್ಕೆಗಳನ್ನೂ ಮಾಡುತ್ತಿದ್ದರು. ಕಲ್ಲು ಕೈಯಲ್ಲೇ ಇದ್ದರೂ ಮೂಳೆ ಯಾಕೆ? ಮಾಡಿ ನೋಡಿದರೆ ತಿಳಿಯಬಹುದು ಅನ್ನಿಸಿತು.

ಮಟನ್ ಅಂಗಡಿಯಿಂದ ಮೇಕೆ ಕಾಲು ತಂದೆ. ಗೊರಸಿನ ಮೇಲಿನ ಉದ್ದನೆಯ ಮೂಳೆ ಇದಕ್ಕೆ ಚೆನ್ನ. ನೇರವಾಗಿರುತ್ತದೆ, ಗೋಡೆಯೂ ದಪ್ಪ. ಸುಡದ ಕಾಲೇ ಬೇಕು ಅಂದರೆ ಅಂಗಡಿಯವರು ಒಂದು ಥರಾ ನೋಡುತ್ತಾರೆ, ನೋಡಲಿ. ಸುಟ್ಟ ಮೂಳೆ, ಸೂಪಿಗೆ ಬೇಯಿಸಿದ ಮೂಳೆ ಎರಡೂ ಬೇಡ. ಬಿಸಿಗೆ ಮೂಳೆಯನ್ನು ಗಟ್ಟಿಯಾಗಿ ಹಿಡಿದಿಡುವ ಒಳಗಿನ ನಾರು, ಅಂದರೆ ಕಾಲಜನ್, ಹಾಳಾಗಿ ಮೂಳೆ ಪುಡಿಯಾಗತೊಡಗುತ್ತದೆ.

ನಿಜವಾದ ಕೆಲಸ ಸೀಳುವುದರಲ್ಲಿದೆ. ಮೂಳೆಯ ಮುಂಭಾಗದಲ್ಲಿ ಉದ್ದಕ್ಕೂ ಒಂದು ಸಣ್ಣ ಗೆರೆ ಹುಟ್ಟಿನಿಂದಲೇ ಇರುತ್ತದೆ. ಎರಡು ಮೂಳೆ ಬೆಸೆದುಕೊಂಡ ಗುರುತು ಅದು. ಬೆಣಚುಕಲ್ಲಿನ ಚಕ್ಕೆಯಿಂದ ಅದನ್ನೇ ಮತ್ತೆ ಮತ್ತೆ ಗೀರಿ ಆಳ ಮಾಡಬೇಕು, ಹಿಂಭಾಗದಲ್ಲೂ ಅಷ್ಟೇ. ಮೂಳೆ ಒಣಗಿದ್ದರೆ ಚಕ್ಕೆ ಜಾರುತ್ತದೆ, ರಾತ್ರಿ ನೀರಲ್ಲಿ ನೆನೆಸಿಟ್ಟರೆ ಕಚ್ಚಿಕೊಳ್ಳುತ್ತದೆ. ಗೀರು ಮಜ್ಜೆಯವರೆಗೆ ಇಳಿದ ಮೇಲೆ ಮರದ ಬೆಣೆ ಇಟ್ಟು ಮೆಲ್ಲಗೆ ತಟ್ಟಬೇಕು. ಆತುರಪಟ್ಟು ಕಲ್ಲಿನಿಂದ ಜಜ್ಜಿದರೆ ಅಡ್ಡಾದಿಡ್ಡಿ ಒಡೆಯುತ್ತದೆ.

ಸೀಳಿದ ತುಂಡನ್ನು ಚಕ್ಕೆಯಿಂದ ಹೆರೆದರೆ ತೆಂಗಿನಕಾಯಿ ತುರಿಯ ಹಾಗೆ ಉದುರುತ್ತದೆ. ಆಮೇಲೆ ಒರಟು ಮರಳುಗಲ್ಲಿನ ಮೇಲೆ ನೀರು ಹಾಕಿ ಉಜ್ಜುವುದು. ಒಣಗಿದ್ದನ್ನು ಉಜ್ಜಬೇಡಿ, ಆ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ. ಹೆರೆದ ಗೆರೆ ಉದ್ದಕ್ಕೆ ಬೀಳುತ್ತದೆ, ಉಜ್ಜಿದ ಗೆರೆ ಓರೆಯಾಗಿ. ಹಳೆಯ ಮೊನೆ ಹೇಗೆ ತಯಾರಾಯಿತು ಅಂತ ಪುರಾತತ್ವದವರು ಸೂಕ್ಷ್ಮದರ್ಶಕದಲ್ಲಿ ಓದುವುದು ಇಂಥ ಗೆರೆಗಳನ್ನೇ.

ಕಟ್ಟಲು ದಾರವೂ ಅದೇ ಕಾಲಿನಲ್ಲಿತ್ತು. ಮಾಂಸವನ್ನು ಮೂಳೆಗೆ ಕಟ್ಟಿಹಾಕುವ ಗಟ್ಟಿ ನರವನ್ನು (ಸ್ನಾಯುರಜ್ಜು) ಒಣಗಿಸಿ, ಜಜ್ಜಿ, ಎಳೆ ಎಳೆ ಬಿಡಿಸಿದೆ. ಬಿದಿರ ಕಡ್ಡಿಯ ತುದಿ ಸೀಳಿ ಮೊನೆ ಕೂರಿಸಿ, ರಾಳ, ಜೇನುಮೇಣ, ಇದ್ದಿಲ ಪುಡಿ ಕಾಸಿ ಮೆತ್ತಿದೆ. ಮೇಲೆ ಒದ್ದೆ ನರ ಸುತ್ತಿದರೆ ಒಣಗುತ್ತಾ ತಾನೇ ಬಿಗಿಯುತ್ತದೆ.

ಹೋಲಿಸಿ ನೋಡಲು ಬೆಣಚುಕಲ್ಲಿನ ಮೊನೆಯ ಬಾಣವನ್ನೂ ಮಾಡಿದ್ದೆ. ಬಾಳೆದಿಂಡಿಗೆ ಹೊಡೆದರೆ ಕಲ್ಲಿನ ಮೊನೆಯೇ ಆಳಕ್ಕೆ ಹೋಯಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಹಲಗೆಗೆ ಹೊಡೆದಾಗ ಅದು ಚೂರಾಯಿತು. ಮೂಳೆಯದು ತುದಿ ಮೊಂಡಾಯಿತು ಅಷ್ಟೇ. ಮರದ ಮೇಲಿನ ಕೋತಿಗೆ ಗುರಿಯಿಟ್ಟರೆ ಎಷ್ಟೋ ಬಾಣ ಕೊಂಬೆಗೇ ಬಡಿಯುತ್ತವೆ, ಅಲ್ವಾ? ಮೊಂಡಾದದ್ದನ್ನು ಕಡ್ಡಿಯಿಂದ ಬಿಚ್ಚದೆ ಹಾಗೇ ಕಲ್ಲಿಗೆ ಉಜ್ಜಿದೆ, ಮತ್ತೆ ಚೂಪಾಯಿತು.