ಪೊಟ್ಟಣದ ಮೇಲೆ 15, ಒಳಗೆ 18

ಕಳೆದ ಬೇಸಿಗೆಯಲ್ಲಿ ಸಿರುಗುಪ್ಪದ ಯುವಕನೊಬ್ಬ ಬಳ್ಳಾರಿಯ ನಮ್ಮ ಮನೆಗೆ ಲೋಹದ ಸೈನಿಕ ಗೊಂಬೆಗಳ ನಾಲ್ಕು ಪುಟ್ಟ ದಳಗಳನ್ನು ತಂದು ಮೇಜಿನ ಮೇಲಿಟ್ಟ. ಎಲ್ಲರೂ ಮೌರ್ಯರ ಕಾಲದ ಬಿಲ್ಲಾಳುಗಳು. ಎರಡು ಬೇರೆ ಬೇರೆ ತಯಾರಕರಿಂದ ಎಂಟೆಂಟು ಗೊಂಬೆಗಳನ್ನು ತರಿಸಿದ್ದ. ಎರಡೂ ಪೊಟ್ಟಣಗಳ ಮೇಲೆ 15 ಮಿ.ಮೀ. ಎಂದೇ ಮುದ್ರಿಸಲಾಗಿತ್ತು. ಅದನ್ನು ನಂಬಿ ಒಂದೊಂದು ತಳದ ಮೇಲೆ ಇವರಿಬ್ಬರು, ಅವರಿಬ್ಬರು ಎಂದು ಬೆರೆಸಿ ಅಂಟಿಸಿಬಿಟ್ಟಿದ್ದ. ಒಬ್ಬನ ನೆತ್ತಿ ಪಕ್ಕದವನ ಗದ್ದಕ್ಕೆ ಬರುತ್ತಿತ್ತು. ಅಪ್ಪಂದಿರ ನಡುವೆ ಮಕ್ಕಳು ಬಿಲ್ಲು ಹಿಡಿದು ನಿಂತ ಹಾಗೆ ಕಾಣುತ್ತಿತ್ತು.

ಈ ತಪ್ಪನ್ನು ನಾನು ನೋಡಿದ್ದು ಅದೇ ಮೊದಲಲ್ಲ. ಲೋಹದ ಸೈನಿಕರನ್ನು ಸಾಲಾಗಿ ನಿಲ್ಲಿಸಿ ಪ್ರಾಚೀನ ಯುದ್ಧಗಳನ್ನು ಮೇಜಿನ ಮೇಲೆ ಆಡುವ ಹವ್ಯಾಸಕ್ಕೆ ನಮ್ಮ ಕಡೆಯ ಹುಡುಗರು ಬಂದರೆ, ಮೊದಲು ಕಟ್ಟಲು ಹೊರಡುವುದು ಮೌರ್ಯ ಸೈನ್ಯವನ್ನೇ. ಅದು ಸಹಜ. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಕೊಪ್ಪಳದಲ್ಲಿ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿಯಲ್ಲಿ ನಿಟ್ಟೂರು ಮತ್ತು ಉಡೇಗೋಳ. ಅವನ ಮಾತು ಕೆತ್ತಿದ ಬಂಡೆಗಳು ನಮ್ಮ ಸುತ್ತಲೇ ಇವೆ. ಆದರೆ ಗೊಂಬೆಗಳು ಬರುವುದು ವಿದೇಶದಿಂದ. ಅಂಚೆ ವೆಚ್ಚ, ಸುಂಕ ಎಲ್ಲವನ್ನೂ ತೆತ್ತ ಮೇಲೆ ಅಳತೆ ಹೊಂದಲಿಲ್ಲ ಎಂದು ಗೊತ್ತಾದರೆ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಹೋಲಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮಾದರಿ ತರಿಸಿ

ಇಡೀ ಸೈನ್ಯವನ್ನು ಒಂದೇ ಸಲ ಕೊಳ್ಳಬೇಡಿ. ಪ್ರತಿ ತಯಾರಕರಿಂದ ಕಾಲಾಳಿನದು ಒಂದು ಪೊಟ್ಟಣ, ಸವಾರರದು ಒಂದು ಪೊಟ್ಟಣ ಸಾಕು.

ತೊಳೆಯಿರಿ, ಉಜ್ಜಿರಿ

ರಬ್ಬರ್ ಅಚ್ಚಿನಿಂದ ಬಂದ ಗೊಂಬೆಗೆ ಪುಡಿ ಅಂಟಿರುತ್ತದೆ. ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಅಚ್ಚಿನ ಎರಡು ಭಾಗಗಳು ಕೂಡುವಲ್ಲಿ ಎದ್ದ ಗೆರೆಯನ್ನು ಸಣ್ಣ ಅರದಿಂದ ತೆಗೆಯಿರಿ. ಹವ್ಯಾಸದ ಸಾಮಾನು ಎಂದು ದುಬಾರಿ ಬೆಲೆಗೆ ಮಾರುವ ಅರಗಳು ಬೇಡ, ಅಕ್ಕಸಾಲಿಗರಿಗೆ ಉಪಕರಣ ಮಾರುವ ಅಂಗಡಿಯಲ್ಲಿ ಅದಕ್ಕಿಂತ ಒಳ್ಳೆಯವು ಸಿಗುತ್ತವೆ. ಗೊಂಬೆಯನ್ನು ಬಿಳಿ ಕಾಗದದ ಮೇಲೆ ಉಜ್ಜಿದಾಗ ಪೆನ್ಸಿಲ್‌ನಂತೆ ಬೂದು ಗೆರೆ ಮೂಡಿದರೆ ಅದರಲ್ಲಿ ಸೀಸ ಹೆಚ್ಚಿದೆ ಎಂದು ತಿಳಿಯಿರಿ. ಅಂಥದ್ದನ್ನು ಅಡುಗೆಮನೆಯಲ್ಲಿ ಉಜ್ಜಬಾರದು, ಮಕ್ಕಳ ಕೈಗೆ ಕೊಡಬಾರದು. ಕೆಲಸ ಮುಗಿದ ಕೂಡಲೇ ಕೈ ತೊಳೆಯಬೇಕು.

ಅಳೆಯುವುದು: ಎಲ್ಲರೂ ಎಡವುವ ಜಾಗ

15 ಮಿ.ಮೀ. ಎಂದರೆ ಎಲ್ಲಿಂದ ಎಲ್ಲಿಗೆ? ಕೆಲವರು ಅಂಗಾಲಿನಿಂದ ನೆತ್ತಿಗೆ ಅಳೆಯುತ್ತಾರೆ, ಕೆಲವರು ಅಂಗಾಲಿನಿಂದ ಕಣ್ಣಿಗೆ. ಇನ್ನು ಕೆಲವು ತಯಾರಕರ ಗೊಂಬೆಗಳು ವರ್ಷಗಳು ಕಳೆದಂತೆ 18ರ ಹತ್ತಿರ ಬೆಳೆದಿದ್ದರೂ ಹಳೆಯ ಹೆಸರಿನಲ್ಲೇ ಮಾರಾಟವಾಗುತ್ತಿವೆ. ಕ್ಸಿಸ್ಟನ್ ಎಂಬ ತಯಾರಕರ ಗೊಂಬೆಗಳು ಎತ್ತರದವು ಎಂಬುದು ಈ ಆಟದವರಿಗೆಲ್ಲ ಗೊತ್ತು. ಅವು ಚೆಂದವೂ ಹೌದು. ಚೆಂದ ಎಂಬ ಕಾರಣಕ್ಕೆ ಬೇರೆಯವರ ಗೊಂಬೆಗಳ ನಡುವೆ ತುರುಕಿದರೆ ಎರಡೂ ಕೆಡುತ್ತವೆ.

ನೀವು ಕಣ್ಣಿನವರೆಗೇ ಅಳೆಯಿರಿ. ಶಿರಸ್ತ್ರಾಣ, ರುಮಾಲು, ತುರುಬು ಇದ್ದರೆ ನೆತ್ತಿ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ, ಕಣ್ಣು ಮಾತ್ರ ಮರೆಯಾಗುವುದಿಲ್ಲ. ನೆಟ್ಟಗೆ ನಿಂತ ಗೊಂಬೆಯನ್ನೇ ಆರಿಸಿ. ಕಾಲು ಅಗಲಿಸಿ ಓಡುವವನು, ಬಿಲ್ಲೆಳೆಯಲು ಬಾಗಿದವನು ಅಳತೆಯಲ್ಲಿ ಗಿಡ್ಡನಾಗುತ್ತಾನೆ. ಅಂಥವನನ್ನು ಅಳೆದು ತಯಾರಕನನ್ನು ದೂರುವವರನ್ನು ನೋಡಿದ್ದೇನೆ.

ಗೊಂಬೆಯ ಜೊತೆಗೇ ಎರಕವಾಗಿ ಬರುವ ತಳದ ದಪ್ಪವನ್ನು ಯಾವಾಗಲೂ ಕಳೆಯಬೇಕು. ಕೆಲವರ ತಳ ಒಂದು ಮಿಲಿಮೀಟರ್ ಇದ್ದರೆ ಕೆಲವರದು ಎರಡು. ಗಾಜಿನ ಹಲಗೆಯ ಮೇಲೆ ನಿಲ್ಲಿಸಿ, ಗಾಜಿನಿಂದ ಕಣ್ಣಿಗೆ ಒಂದು ಅಳತೆ, ತಳದ ದಪ್ಪಕ್ಕೆ ಇನ್ನೊಂದು ಅಳತೆ ತೆಗೆದುಕೊಳ್ಳಿ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಹೀಗೆ ಮೂರು ಗೊಂಬೆಗಳನ್ನು ಅಳೆದು ಸರಾಸರಿ ತೆಗೆಯಿರಿ. ಅಳೆಯಲು ಎರಡು ದವಡೆಗಳ ನಡುವೆ ಹಿಡಿದು ಅಳತೆ ತೋರಿಸುವ ಕ್ಯಾಲಿಪರ್ ಬೇಕು. ಪ್ಲಾಸ್ಟಿಕ್ ದವಡೆಯ ಅಗ್ಗದ ಕ್ಯಾಲಿಪರ್ ಒತ್ತಿದಷ್ಟೂ ಬಾಗುತ್ತದೆ, ಒಂದೇ ಗೊಂಬೆಗೆ ಮೂರು ಅಳತೆ ಕೊಡುತ್ತದೆ. ಉಕ್ಕಿನದನ್ನೇ ಕೊಳ್ಳಿ. ಆದರೆ ಮೆಲ್ಲಗೆ ಮುಚ್ಚಿ. ತವರ ಮೆತ್ತಗಿನ ಲೋಹ, ಜೋರಾಗಿ ಹಿಡಿದರೆ ಮೂಗೇ ಸವೆಯುತ್ತದೆ.

ಕ್ಯಾಲಿಪರ್ ಇಲ್ಲದವರು ರಟ್ಟಿನ ಡಬ್ಬಿಗೆ ಗ್ರಾಫ್ ಕಾಗದ ಅಂಟಿಸಿ, ಅದಕ್ಕೆ ಬೆನ್ನು ತಾಗುವಂತೆ ಗೊಂಬೆಗಳನ್ನು ನಿಲ್ಲಿಸಿ ಮೊಬೈಲ್‌ನಲ್ಲಿ ಚಿತ್ರ ತೆಗೆಯಬಹುದು. ಮೊಬೈಲನ್ನು ಮೂತಿಗೆ ಹಿಡಿಯಬೇಡಿ. ಹತ್ತಿರದಿಂದ ತೆಗೆದರೆ ಒಂದು ಕೂದಲೆಳೆ ಮುಂದಿರುವವನೂ ದೈತ್ಯನಾಗುತ್ತಾನೆ. ಒಂದು ಮೀಟರ್ ದೂರ ಸರಿದು, ಕ್ಯಾಮೆರಾವನ್ನು ಗೊಂಬೆಯ ಕಣ್ಣಿನ ಮಟ್ಟಕ್ಕೆ ಇಳಿಸಿ, ಜೂಮ್ ಮಾಡಿ.

ಎತ್ತರಕ್ಕಿಂತ ಮೈಕಟ್ಟು ಮುಖ್ಯ

ಎತ್ತರ ಹೊಂದಿತು ಎಂದ ಕೂಡಲೇ ಹಣ ಕಳುಹಿಸಬೇಡಿ. ತಲೆಯ ಅಗಲ, ಮಣಿಕಟ್ಟಿನ ದಪ್ಪ, ಈಟಿಯ ದಪ್ಪ ಈ ಮೂರನ್ನು ನೋಡಿ. ಒಬ್ಬರ ಗೊಂಬೆ ಸೆಣಬಿನ ಕಡ್ಡಿಯಂತೆ ಸಪೂರ, ಇನ್ನೊಬ್ಬರದು ಪೈಲ್ವಾನನಂತೆ ಗಟ್ಟಿಮುಟ್ಟು. ಇವರಿಬ್ಬರ ಕಣ್ಣು ಒಂದೇ ಮಟ್ಟದಲ್ಲಿದ್ದರೂ ಜೊತೆಗೆ ನಿಲ್ಲಿಸಲಾಗದು. ಒಂದು ಮಿಲಿಮೀಟರ್ ಗಿಡ್ಡನಾದವನನ್ನು ಎತ್ತರಿಸಬಹುದು, ದಪ್ಪ ತಲೆಯನ್ನು ತೆಳ್ಳಗೆ ಮಾಡಲು ಬರುವುದಿಲ್ಲ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಭಾರತೀಯ ಬಿಲ್ಲಾಳಿಗೆ ಇನ್ನೊಂದು ಪರೀಕ್ಷೆಯಿದೆ. ಇಲ್ಲಿನ ಬಿಲ್ಲು ಬಿಲ್ಲಾಳಿನಷ್ಟೇ ಉದ್ದ, ಅದರ ತುದಿಯನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಹೆದೆಯೆಳೆಯುತ್ತಿದ್ದರು ಎಂದು ಅಲೆಕ್ಸಾಂಡರನ ನೌಕಾಪತಿ ನಿಯಾರ್ಕಸ್ ಹೇಳಿದ್ದು ಗ್ರೀಕ್ ಇತಿಹಾಸಕಾರ ಏರಿಯನ್‌ನ ಬರಹದಲ್ಲಿ ಉಳಿದಿದೆ. ಗೊಂಬೆಯ ಕೈಯಲ್ಲಿ ಸೊಂಟದುದ್ದದ ಬಿಲ್ಲಿದ್ದರೆ ಆ ತಯಾರಕ ಬೇರೆ ಯಾವುದೋ ದೇಶದ ಬಿಲ್ಲಾಳಿಗೆ ಧೋತರ ಉಡಿಸಿದ್ದಾನೆ ಎಂದರ್ಥ. ಅದನ್ನು ಕೊಳ್ಳಬೇಡಿ.

ಆನೆ

ಆನೆಯಿಲ್ಲದ ಮೌರ್ಯ ಸೈನ್ಯವಿಲ್ಲ. ನಮ್ಮ ಗಂಡಾನೆಯ ಭುಜದೆತ್ತರ ಸುಮಾರು ಎರಡೂಮುಕ್ಕಾಲು ಮೀಟರ್. ಅಂದರೆ ಆಳಿನ ನೆತ್ತಿ 16 ಮಿ.ಮೀ.ಗೆ ಬಂದರೆ ಆನೆಯ ಭುಜ 26ರ ಆಸುಪಾಸು ಇರಬೇಕು. ಎಮ್ಮೆಯಷ್ಟೇ ಇರುವ ಆನೆಗಳು ಮಾರುಕಟ್ಟೆಯಲ್ಲಿವೆ, ಮೋಸಹೋಗಬೇಡಿ. ಬೆನ್ನನ್ನೂ ಕಿವಿಯನ್ನೂ ನೋಡಿ. ಏಷ್ಯಾದ ಆನೆಗೆ ಸಣ್ಣ ಕಿವಿ, ಉಬ್ಬಿದ ಬೆನ್ನು. ಆಫ್ರಿಕದ್ದಕ್ಕೆ ಮೊರದಗಲ ಕಿವಿ, ತಗ್ಗಿದ ಬೆನ್ನು. ಉತ್ತರ ಆಫ್ರಿಕದ ಕಾರ್ಥೇಜಿನ ಆನೆಯ ಮೇಲೆ ಭಾರತದ ಮಾವುತನನ್ನು ಕೂರಿಸಿದ ಪೊಟ್ಟಣ ನನ್ನ ಕೈಗೇ ಬಂದಿದೆ. ಎರಡು ಅಳತೆಗಳ ನಡುವೆ ಮನಸ್ಸು ತೂಗಾಡಿದರೆ ದೊಡ್ಡ ಆನೆಯನ್ನೇ ಆರಿಸಿ. ಮಾವುತ ಮಾತ್ರ ಆನೆಯ ಜೊತೆಗೆ ಬಂದವನೇ ಇರಲಿ, ಬೇರೆಯವನ ಕಾಲು ಆ ಕುತ್ತಿಗೆಗೆ ಕೂರುವುದಿಲ್ಲ.

ಯಾವುದನ್ನು ಬೆರೆಸಬಹುದು?

ಈ ಆಟಕ್ಕೆ ಬಳಸುವ ಡಿ.ಬಿ.ಎ. (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್) ನಿಯಮಾವಳಿಯಲ್ಲಿ ಒಂದು ಸೈನ್ಯಕ್ಕೆ 12 ದಳ, 15 ಮಿ.ಮೀ. ಗೊಂಬೆಗಳಿಗೆ ಒಂದೊಂದು ದಳ ನಿಲ್ಲುವ ತಳದ ಅಗಲ 40 ಮಿ.ಮೀ. ಒಂದು ತಳದ ಮೇಲೆ ಇಬ್ಬರು ತಯಾರಕರ ಗೊಂಬೆಗಳು ಎಂದಿಗೂ ಬೇಡ. ರಥ, ಆನೆ, ಕುದುರೆ ಬೇರೆ ಬೇರೆ ಕಡೆಯಿಂದ ಬಂದರೆ ತೊಂದರೆಯಿಲ್ಲ, ಅವುಗಳ ನಡುವಿನ ಅಂತರದಲ್ಲಿ ಕಣ್ಣು ವ್ಯತ್ಯಾಸ ಹುಡುಕುವುದಿಲ್ಲ. ಗಿಡ್ಡ ಗೊಂಬೆಗಳ ದಳವನ್ನು ಎತ್ತರಿಸಲು ಹಳೆಯ ಮದುವೆ ಕರೆಯೋಲೆಯ ರಟ್ಟನ್ನು ಕತ್ತರಿಸಿ ಕಾಲಡಿಗೆ ಅಂಟಿಸಿ. ಮೇಲೆ ಟೀ ಜರಡಿಯಲ್ಲಿ ಸೋಸಿದ ತುಂಗಭದ್ರೆಯ ಮರಳು ಹಾಕಿ, ಎರೆಮಣ್ಣಿನ ಕಪ್ಪು ಬಳಿಯಿರಿ. ಹೊಳೆಯುವ ಹಸಿರು ಪುಡಿ ಉದುರಿಸಬೇಡಿ, ಅದು ನಮ್ಮ ನೆಲದ ಬಣ್ಣವಲ್ಲ.

ಬಣ್ಣಕ್ಕೆ ಮೊದಲಿನ ಲೇಪವಾದ ಸ್ಪ್ರೇ ಪ್ರೈಮರ್ ಹೊಡೆಯುವುದಾದರೆ ನಮ್ಮ ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಬಣ್ಣ ಗೊಂಬೆಯನ್ನು ಮುಟ್ಟುವ ಮೊದಲೇ ಒಣಗಿ ರವೆಯಂತೆ ಕೂರುತ್ತದೆ.

ಈಗಾಗಲೇ ತಪ್ಪಾಗಿ ಅಂಟಿಸಿಬಿಟ್ಟವರು ಚಾಕು ಹಾಕಿ ಕೀಳಬೇಡಿ, ಕಣಕಾಲು ಮುರಿಯುತ್ತದೆ. ಫೆವಿಕ್ವಿಕ್‌ನಂಥ ಅಂಟು ಚಳಿಗೆ ಪೆಡಸಾಗುತ್ತದೆ. ಸಿರುಗುಪ್ಪದ ಯುವಕನ ನಾಲ್ಕು ದಳಗಳನ್ನು ಡಬ್ಬಿಯಲ್ಲಿ ಮುಚ್ಚಿ ಒಂದು ರಾತ್ರಿ ಫ್ರೀಜರ್‌ನಲ್ಲಿ ಇಟ್ಟೆವು. ಬೆಳಿಗ್ಗೆ ಒಬ್ಬೊಬ್ಬನನ್ನೇ ಹಿಡಿದು ತಿರುಚಿದಾಗ ಟಕ್ ಎಂದು ಬಿಟ್ಟುಬಂದರು. ಎತ್ತರದ ಎಂಟು ಜನ ಎರಡು ತಳದ ಮೇಲೆ, ಗಿಡ್ಡ ಎಂಟು ಜನ ಇನ್ನೆರಡರ ಮೇಲೆ ನಿಂತರು. ಗಿಡ್ಡವರ ಕಾಲಡಿಗೆ ಅವನ ಅಕ್ಕನ ಮದುವೆ ಕರೆಯೋಲೆಯ ಎರಡು ಪದರ ಸಾಕಾಯಿತು.