ವಯಸ್ಸಾದ ಎಮ್ಮೆಯ ರಿಬ್ಸ್, ಓಟಿಜಿ ಮತ್ತು ಅನಾನಸ್–ಉಪ್ಪಾಗೆ ಗ್ಲೇಜ್: ನನ್ನ ಅನುಭವ

ನಮ್ಮ ಕಡೆ ಸಿಗೋ ಬೀಫ್ ರಿಬ್ಸ್ (ಎಮ್ಮೆಯ ಪಕ್ಕೆಲುಬಿನ ಮಾಂಸ) ಓವನ್ನಿನಲ್ಲಿ ಬೇಯಲ್ಲ, ಅದೇನಿದ್ದರೂ ಸಾರಿಗೆ, ಇಲ್ಲಾ ಕುಕ್ಕರಿಗೆ ಅನ್ನೋರೇ ಶಿವಮೊಗ್ಗದಲ್ಲಿ ಜಾಸ್ತಿ. ಬೇಯುತ್ತೆ. ಬರೀ ಬೇಯೋದಲ್ಲ, ಮೂಳೆ ತಿರುಗಿಸಿದರೆ ಬಿಟ್ಟುಕೊಂಡು ಬರೋ ಹಾಗೆ ಬೇಯುತ್ತೆ. ಹಾಗೆಂದವರಲ್ಲಿ ಇಬ್ಬರು ಈಗ ಉಪ್ಪು ಎಷ್ಟು ಹಾಕೋದು ಅಂತ ಕೇಳ್ತಿದ್ದಾರೆ.

ಅಮೆರಿಕದ ರೆಸಿಪಿಗಳಲ್ಲಿರೋ ಮೂರು ಗಂಟೆ, ಮೂರೂವರೆ ಗಂಟೆಯ ಲೆಕ್ಕ ಎರಡು ವರ್ಷದ ಆಸುಪಾಸಿನ ಹೋರಿಗೆ ಬರೆದಿದ್ದು. ಕರ್ನಾಟಕದಲ್ಲಿ 2020ರ ಕಾಯ್ದೆ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ ಕಡಿಯಬಹುದು. ಆ ವಯಸ್ಸಿಗೆ ಮಾಂಸದೊಳಗಿನ ಕೊಲಾಜನ್ ಅನ್ನೋ ನಾರು ಒಂದಕ್ಕೊಂದು ಬೆಸೆದು ಬಿಗಿದಿರುತ್ತೆ. ಅದು ಕರಗಿ ಜೆಲಾಟಿನ್ ಆಗಬೇಕಾದರೆ ಒಳಗಿನ ಬಿಸಿ 90 ಡಿಗ್ರಿ ದಾಟಿದ ಮೇಲೂ ಗಂಟೆಗಟ್ಟಲೆ ಅಲ್ಲೇ ನಿಲ್ಲಬೇಕು. ಪ್ರೋಬ್ (ಮಾಂಸಕ್ಕೆ ಚುಚ್ಚೋ ಥರ್ಮಾಮೀಟರ್) 95 ತೋರಿಸಿತು ಅಂತ ಹೊರಗೆ ತೆಗೆದರೆ ರಬ್ಬರ್. ಜೊತೆಗೆ ಎಮ್ಮೆ ಮಾಂಸದಲ್ಲಿ ಒಳಕೊಬ್ಬು ಕಡಿಮೆ, ತೆರೆದಿಟ್ಟು ಅಷ್ಟು ಹೊತ್ತು ಬೇಯಿಸಿದರೆ ಒಣಗಿ ಕೊರಡಾಗುತ್ತೆ. ಹಾಗಾಗಿ ಮುಚ್ಚಿದ ತಟ್ಟೆ, ಕಡಿಮೆ ಉರಿ, ಉದ್ದ ಸಮಯ. ಗ್ಲೇಜ್, ಅಂದರೆ ಮೇಲೆ ಬಳಿಯೋ ಸಿಹಿ-ಹುಳಿ ಸಾಸ್, ಕೊನೆಗೆ.

ಅಂಗಡಿಯಲ್ಲೇ ಅರ್ಧ ಕೆಲಸ. ರಿಬ್ಸ್ ಅಂದ ತಕ್ಷಣ ಮಚ್ಚಿನಲ್ಲಿ ಕೊಚ್ಚಿ ಸಾರಿನ ಪೀಸ್ ಮಾಡಿಬಿಡ್ತಾರೆ, ಮೂಳೆ ಚೂರು ಮಾಂಸದೊಳಗೆ ಸೇರುತ್ತೆ. ಮೊದಲೇ ಹೇಳಿ, ಮೂಳೆಗಳನ್ನ ಬಿಡಿಸದೆ ಇಡೀ ಹಲಗೆಯಾಗಿ ತಗೋಬೇಕು. ಬೆನ್ನಿನ ಕಡೆಯ ಪಕ್ಕೆ ಬೇಡ, ಅದರಲ್ಲಿ ಮೂಳೆಗಳ ಸಂದಿಯ ಮಾಂಸ ಬಿಟ್ಟರೆ ಏನಿಲ್ಲ. ಆರರಿಂದ ಎಂಟನೇ ಪಕ್ಕೆಲುಬಿನ ಕೆಳಭಾಗ, ಎದೆ ಕಡೆಯದ್ದು ಕೇಳಿ, ಮೂಳೆ ಮೇಲೆ ಎರಡು ಬೆರಳು ದಪ್ಪ ಮಾಂಸ ನಿಂತಿರುತ್ತೆ. ಕಿಲೋಗೆ ಸುಮಾರು ಇನ್ನೂರೈವತ್ತರಿಂದ ಮುನ್ನೂರು ಕೊಟ್ಟ ನೆನಪು, ಮೂಳೆ ತೂಕ ಸೇರಿ. ಮೂರೂವರೆ ಕಿಲೋ ತಂದರೆ ಬೆಂದ ಮೇಲೆ ತಿನ್ನೋಕೆ ಸಿಗೋದು ಒಂದೂಕಾಲು ಕಿಲೋ. ಐದು ಜನಕ್ಕೆ ಸಾಕು.

ಒಳಮೈಯ ಪೊರೆ ತೆಗೆಯಲೇಬೇಕು. ಈ ವಯಸ್ಸಿನ ಪ್ರಾಣಿಯಲ್ಲಿ ಅದು ಚರ್ಮದ ಹಾಗಿರುತ್ತೆ, ಆರು ಗಂಟೆ ಬೇಯಿಸಿದರೂ ಕರಗಲ್ಲ. ಚಮಚದ ಹಿಡಿಯಿಂದ ಒಂದು ಮೂಲೆ ಎಬ್ಬಿಸಿ, ಒಣ ಬಟ್ಟೆಯಲ್ಲಿ ಹಿಡಿದು ಎಳೆಯಿರಿ. ಕಿಲೋಗೆ ಹತ್ತು ಗ್ರಾಂ ಉಪ್ಪು ಸವರಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ತೆರೆದಿಡಿ. ಮಸಾಲೆ ಬೆಳಿಗ್ಗೆಗೆ: ಬ್ಯಾಡಗಿ ಪುಡಿ ಎರಡು ದೊಡ್ಡ ಚಮಚ, ತರಿಯಾಗಿ ಕುಟ್ಟಿದ ಕಾಳುಮೆಣಸು ಒಂದೂವರೆ, ಹುರಿದ ಕೊತ್ತಂಬರಿ ಒಂದು. ಮಸಾಲೆಗೆ ಬೆಲ್ಲ ಬೇಡ. ಮಳೆಗಾಲದಲ್ಲಿ ಬೆಲ್ಲ, ಉಪ್ಪು ಸೇರಿದ ಪುಡಿ ಡಬ್ಬದಲ್ಲೇ ನೀರೊಡೆಯುತ್ತೆ, ಮಾಂಸದ ಮೇಲೆ ಹಿಡಿಯಲ್ಲ.

ಇನ್ನು ಓವನ್. ನಲವತ್ತು ಲೀಟರಿಗಿಂತ ಚಿಕ್ಕ ಓಟಿಜಿಯಲ್ಲಿ (ಮನೆಬಳಕೆಯ ಸಣ್ಣ ಕರೆಂಟ್ ಓವನ್) ಇಡೀ ಹಲಗೆ ಹಿಡಿಸಲ್ಲ. ಗುಂಡಿ ಮೇಲಿನ ನಂಬರನ್ನ ನಂಬಬೇಡಿ, 130 ಅಂತ ಇಟ್ಟರೆ ಒಳಗೆ 155 ಓಡ್ತಿರೋದು ಸಾಮಾನ್ಯ. ನಾನೂರು ರೂಪಾಯಿ ಒಳಗೆ ಸಿಗೋ ಓವನ್ ಥರ್ಮಾಮೀಟರ್ ಒಳಗಿಡಿ. ಪ್ರೋಬಿಗಿಂತ ಮೊದಲು ಕೊಳ್ಳಬೇಕಾದ್ದು ಇದು. ಮೊದಲು ತೆರೆದಿಟ್ಟು 150ರಲ್ಲಿ ಮುಕ್ಕಾಲು ಗಂಟೆ, ಮಸಾಲೆ ಒಣಗಿ ಬಣ್ಣ ಕಟ್ಟಲಿ. ಆಮೇಲೆ ತಟ್ಟೆಗೆ ಹಾಲೂ ಸಕ್ಕರೆಯೂ ಇಲ್ಲದ ಕಾಫಿ ಡಿಕಾಕ್ಷನ್ ಒಂದು ಲೋಟ ಹಾಕಿ, ಮಾಂಸದ ಮೇಲೆ ಬಾಡಿಸಿದ ಬಾಳೆಎಲೆ ಹೊದಿಸಿ, ಅದರ ಮೇಲೆ ಎರಡು ಪದರ ಫಾಯಿಲ್ ಬಿಗಿಯಾಗಿ ಮುಚ್ಚಿ. ಬಾಳೆಎಲೆ ಚಂದಕ್ಕಲ್ಲ: ಉಪ್ಪು, ಹುಳಿ ತಾಗಿದ ಕಡೆ ಫಾಯಿಲ್ ಕಪ್ಪಾಗಿ ಸಣ್ಣ ತೂತು ಬೀಳುತ್ತೆ, ಆ ತೂತಿನಿಂದ ಹಬೆ ಹೋದರೆ ತಳ ಸೀದಂತೆಯೇ. 130–135ರಲ್ಲಿ ಐದರಿಂದ ಐದೂವರೆ ಗಂಟೆ. ನಾಲ್ಕೂವರೆಗೆ ಬಿದಿರುಕಡ್ಡಿ ಚುಚ್ಚಿ ನೋಡಿ, ಮಾಗಿದ ಹಲಸಿನ ತೊಳೆಗೆ ಇಳಿದ ಹಾಗೆ ಇಳಿಯಬೇಕು. ಎಲ್ಲಾದರೂ ಒಂದು ಕಡೆ ತಡೆದರೂ ಮತ್ತೆ ಮುಚ್ಚಿ. ಆದ ಮೇಲೆ ಅರ್ಧ ಗಂಟೆ ಮುಚ್ಚಿದ ಹಾಗೇ ಬಿಡಬೇಕು, ಬಿಸಿಯಲ್ಲೇ ಎತ್ತಿದರೆ ಹಲಗೆ ಮುರಿದು ಬೀಳುತ್ತೆ.

ಹಸಿ ಅನಾನಸ್ ರಸದಲ್ಲಿ ನೆನೆಸಿದರೆ ಬೇಗ ಬೇಯುತ್ತೆ ಅನ್ನೋ ಸಲಹೆ ಎಲ್ಲರದ್ದೂ. ಪಪ್ಪಾಯಿಯದ್ದೂ ಅದೇ ಕತೆ. ಆ ಹಣ್ಣುಗಳಲ್ಲಿರೋ, ಮಾಂಸ ಮೆತ್ತಗೆ ಮಾಡೋ ಕಿಣ್ವ ಮೇಲಿನ ಕೆಲವು ಮಿಲಿಮೀಟರ್ ಬಿಟ್ಟು ಒಳಗೆ ಹೋಗಲ್ಲ. ರಾತ್ರಿ ನೆನೆಸಿದ ಹಲಗೆ ಹೊರಗೆ ಹಿಟ್ಟು ಹಿಟ್ಟು, ಒಳಗೆ ಮೊದಲಿನಷ್ಟೇ ಗಟ್ಟಿ, ಮೇಲಿನ ಹಿಟ್ಟಿಗೆ ಗ್ಲೇಜೂ ಕೂರಲ್ಲ. ಏಳೆಂಟು ನೂರು ರೂಪಾಯಿಯ ಮಾಂಸ ಹೀಗೆ ಹಾಳು. ಮುನ್ನೂರೈವತ್ತರ ಬಾಟಲಿ ಬಾರ್ಬೆಕ್ಯೂ ಸಾಸ್ ಮೊದಲಿಂದಲೇ ಬಳಿದಿದ್ದು ಇನ್ನೊಂದು ದಂಡ: ಬರೀ ಸಕ್ಕರೆ, ಎರಡನೇ ಗಂಟೆಗೇ ಕಹಿ.

ನನ್ನ ಗ್ಲೇಜಿಗೆ ಹಣ್ಣು ಅನಾನಸ್ಸೇ, ಆದರೆ ಬೇಯಿಸಿದ್ದು. ಸಾಗರ, ಸೊರಬ ಕಡೆಯ ಹಣ್ಣು ಮಳೆ ಹಿಡಿಯೋ ಹೊತ್ತಿಗೆ ಅಗ್ಗ, ಐವತ್ತು ರೂಪಾಯಿಗೆ ಒಳ್ಳೇದು ಬರುತ್ತೆ. ಹೋಳು ಮಾಡಿ ಕಬ್ಬಿಣದ ಕಾವಲಿಯಲ್ಲಿ ಎರಡೂ ಕಡೆ ಕಲೆ ಬೀಳುವಷ್ಟು ಸುಟ್ಟು, ಹತ್ತು ನಿಮಿಷ ಕುದಿಸಿ, ರುಬ್ಬಿ ಸೋಸಿ. ಅದು ಸುಮಾರು 400 ಗ್ರಾಂ ಆಗುತ್ತೆ. ಬಾಡಿಸಿದ ಈರುಳ್ಳಿ ಒಂದು, ಬೆಳ್ಳುಳ್ಳಿ ಎಂಟೆಸಳು, ನೆನೆಸಿದ ಬ್ಯಾಡಗಿ ಹತ್ತು ನುಣ್ಣಗೆ ರುಬ್ಬಿ ಸೇರಿಸಿ. ಸಿಹಿಗೆ ಜೋನಿಬೆಲ್ಲ (ನೀರುಬೆಲ್ಲ) 120 ಗ್ರಾಂ. ಅಚ್ಚುಬೆಲ್ಲದ ಗ್ಲೇಜ್ ತಣ್ಣಗಾದಾಗ ಕೆಲವೊಮ್ಮೆ ಹರಳಾಗುತ್ತೆ, ಜೋನಿಯದ್ದು ಹೊಳಪು ಬಿಡಲ್ಲ.

ಹುಳಿಗೆ ಉಪ್ಪಾಗೆ, ಮಲೆನಾಡಿನ ಕಾಡಿನ ಹುಳಿಹಣ್ಣು. ಇದನ್ನ ಹೇಳೋಕೇ ಇಷ್ಟೆಲ್ಲಾ ಬರೆದಿದ್ದು ಅಂದರೂ ಆಗುತ್ತೆ. ಹಣ್ಣು ಉದುರೋದು ಜಡಿಮಳೆಯಲ್ಲಿ, ಬಿಸಿಲಿಲ್ಲ, ಹಾಗಾಗಿ ಸಿಪ್ಪೆಯನ್ನ ಬೆಂಕಿ ಹಾಕಿ ಅಟ್ಟದ ಮೇಲೆ ಹೊಗೆಯಲ್ಲೇ ಒಣಗಿಸ್ತಾರೆ. ಹೊಗೆಯಲ್ಲಿ ಬೇಯಿಸೋ ಸ್ಮೋಕರ್ ಒಲೆ ಇಲ್ಲದವನಿಗೆ ಹೊಗೆಯ ರುಚಿ ಹುಳಿಯೊಳಗೇ ಬಂತು. ನಾಲ್ಕೈದು ಸಿಪ್ಪೆ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿದ ರಸ ಸಾಕು, ಜಾಸ್ತಿಯಾದರೆ ಹಲ್ಲು ಚುಳ್ ಅನ್ನುತ್ತೆ. ಮುರುಗಲು (ಕೋಕಂ) ಆದರೆ ಬಣ್ಣ ಚಂದ, ಆದರೆ ಹೊಗೆ ಇರಲ್ಲ, ಉಪ್ಪು ಹಾಕಿ ಒಣಗಿಸಿದ್ದಾದರೆ ಉಪ್ಪಿನ ಲೆಕ್ಕವೂ ತಪ್ಪುತ್ತೆ. ಉಪ್ಪಾಗೆ ಜೊತೆ ಇನ್ನೊಂದು ಒಣಗಿದ ವಸ್ತು ಚಿಟಿಕೆ ಹಾಕ್ತೀನಿ. ಅದು ಏನು ಅಂತ ಕೇಳಬೇಡಿ, ಮಲೆನಾಡಿನ ಅಡುಗೆಮನೆಯಲ್ಲೇ ಇದೆ.

ತಟ್ಟೆಯ ರಸದ ಮೇಲೆ ತೇಲೋ ಕೊಬ್ಬು ತೆಗೆದು, ಉಳಿದದ್ದು ಒಂದು ಲೋಟ ಈ ಗ್ಲೇಜಿಗೆ ಸುರಿದು ಬತ್ತಿಸಿ. ಚಮಚದ ಹಿಂಬದಿಯಲ್ಲಿ ಬೆರಳೆಳೆದರೆ ಗೆರೆ ಕೂಡಬಾರದು, ಅಷ್ಟು. ಓವನ್ 190ಕ್ಕೆ ಏರಿಸಿ, ಮೇಲಿನ ಕಾಯಿಲ್ ಹಾಕಿ, ತೆಳುವಾಗಿ ಮೂರು ಸಲ ಬಳಿಯಿರಿ, ಒಂದೊಂದಕ್ಕೆ ಆರೇಳು ನಿಮಿಷ. ಒಂದೇ ಸಲ ದಪ್ಪಗೆ ಬಳಿದರೆ ಮೇಲೆ ಕಪ್ಪು, ಅಡಿಯಲ್ಲಿ ಹಸಿ ಪಾಯಸ. ಮೂರನೇ ಸಲ ಓವನ್ ಬಿಟ್ಟು ಕದಲಬೇಡಿ, ಕಂದು ಮತ್ತು ಕರಕಲಿನ ಮಧ್ಯೆ ಒಂದೂವರೆ ನಿಮಿಷವೂ ಇಲ್ಲ.

ಮಧ್ಯೆ ಬೇರೆ ಹಣ್ಣೂ ನೋಡಿದ್ದಾಯ್ತು. ಹಲಸು ಬೇಡ, ವಾಸನೆ ಮಾಂಸವನ್ನೇ ನುಂಗುತ್ತೆ, ಅಂಟು ಬತ್ತೋ ಮೊದಲೇ ಸೀಯುತ್ತೆ. ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಒಂದು ಚಮಚ ಕೊನೇ ಸಲ ಬಳಿಯುವಾಗ ಮಾತ್ರ ಸೇರಿಸಿದರೆ ಪರಿಮಳ ಅದ್ಭುತ, ಬೇಯಿಸಿದರೆ ಅದರ ಸೊನೆಯ ವಾಸನೆ ಹಾರಿಹೋಗುತ್ತೆ. ಅಡಿಕೆ ಸಿಪ್ಪೆಯ ಹೊಗೆ ಕೊಟ್ಟರೆ ಗಂಟಲು ಕೆರೆಯುವ ಕಹಿ, ಕಾಫಿ ಕಟ್ಟಿಗೆ ಕೆಂಡ ಪರವಾಗಿಲ್ಲ.

ಮಳೆಗಾಲದಲ್ಲಿ ಕರೆಂಟ್ ನಂಬಿ ಆರು ಗಂಟೆ ಓವನ್ ಹಾಕೋದು ಜೂಜು. ಅದಕ್ಕೊಂದು ಒಳದಾರಿ: ಹಲಗೆಯನ್ನ ಎರಡೆರಡು ಮೂಳೆಗೆ ಸೀಳಿ, ಒಂದು ಲೋಟ ನೀರಲ್ಲಿ ಕುಕ್ಕರಿಗೆ ಹಾಕಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ, ಆಮೇಲೆ ಮುಚ್ಚಿದ ತಟ್ಟೆಯಲ್ಲಿ ಎರಡೂವರೆ ಗಂಟೆ. ನೂರಕ್ಕೆ ಎಂಬತ್ತು ಅಂಕ. ಪೂರ್ತಿ ಕುಕ್ಕರಿನಲ್ಲೇ ಮುಗಿಸಿದರೆ ಮಾಂಸ ನಾರುನಾರಾಗಿ ಮೂಳೆ ಬಿಟ್ಟು ಓಡುತ್ತೆ, ರುಚಿಯೆಲ್ಲಾ ನೀರಿಗೆ. ಕರೆಂಟ್ ಮಧ್ಯದಲ್ಲಿ ಹೋದರೆ ಬಾಗಿಲು ತೆಗೆಯಬೇಡಿ, ಅರ್ಧ ಗಂಟೆವರೆಗೆ ನಷ್ಟವಿಲ್ಲ.

ಖರ್ಚು: ಮಾಂಸ ಒಂಬೈನೂರು ಚಿಲ್ಲರೆ, ಹಣ್ಣು, ಬೆಲ್ಲ, ಮಸಾಲೆ ನೂರೈವತ್ತು, ಕರೆಂಟ್ ನಾಲ್ಕೈದು ಯೂನಿಟ್, ಫಾಯಿಲ್ ಸೇರಿಸಿದರೂ ಸಾವಿರದ ಇನ್ನೂರು ದಾಟಲ್ಲ. ಬಿಸಿ ಇದ್ದಾಗಲೇ ತಿನ್ನಬೇಕು, ಎಮ್ಮೆ ಕೊಬ್ಬು ಬೇಗ ಗಟ್ಟಿಯಾಗಿ ತುಟಿಗೆ ಮೆತ್ತುತ್ತೆ. ಉಳಿದರೆ ಮೈಕ್ರೋವೇವ್ ಬೇಡ, ಬಾಳೆಎಲೆಯಲ್ಲಿ ಸುತ್ತಿ ಇಡ್ಲಿ ಪಾತ್ರೆಯ ಹಬೆಯಲ್ಲಿ ಹತ್ತು ನಿಮಿಷ ಇಟ್ಟು, ಕಾವಲಿಯಲ್ಲಿ ಒಂದು ಸಲ ಮಗುಚಿ. ತೆಗೆದಿಟ್ಟ ಕೊಬ್ಬಿನಲ್ಲಿ ಮರುದಿನ ಕೆಸುವಿನ ಗಡ್ಡೆ ಹುರಿಯಿರಿ.