ಅಮೆರಿಕದಲ್ಲಿ ನಿಮ್ಮ ವಿಳಾಸ ಯಾರ ಆಡಳಿತಕ್ಕೆ ಸೇರಿದೆ: ಕಂಡುಕೊಳ್ಳುವ ಕ್ರಮ

ಅಮೆರಿಕದಲ್ಲಿ ಮನೆ ಕೊಳ್ಳಲು ಹೊರಟವರು ಅಂಚೆ ವಿಳಾಸದಲ್ಲಿರುವ ಊರಿನ ನಗರಸಭೆಯೇ ತಮ್ಮನ್ನೂ ಆಳುತ್ತದೆ ಎಂದು ನಂಬಿಬಿಡುತ್ತಾರೆ. ಮೊದಲು ಆ ನಂಬಿಕೆಯನ್ನು ಬದಿಗಿಡಬೇಕು. ಜಿಪ್ ಕೋಡ್ (ನಮ್ಮ ಪಿನ್ ಕೋಡ್‌ನಂಥ ಅಂಚೆ ಸಂಖ್ಯೆ) 1963ರಲ್ಲಿ ಬಟವಾಡೆಯ ಅನುಕೂಲಕ್ಕೆಂದು ಬಂದದ್ದು. ನಗರದ ಗಡಿಯನ್ನು ಅದು ಅನುಸರಿಸುವುದಿಲ್ಲ. ಲಾಸ್ ವೇಗಸ್‌ಗೆ ಸ್ವಾಗತ ಕೋರುವ ಹೆಸರಾಂತ ಫಲಕವೇ ಲಾಸ್ ವೇಗಸ್ ನಗರದ ಗಡಿಯೊಳಗಿಲ್ಲ, ಅದು ನಿಂತಿರುವುದು ಪ್ಯಾರಡೈಸ್ ಎಂಬ ಊರಿನಲ್ಲಿ. ಆ ಊರಿಗೆ ಮೇಯರ್ ಇಲ್ಲ, ನಗರಸಭೆಯೂ ಇಲ್ಲ; ಸಲಹಾ ಮಂಡಳಿಯೊಂದಿದ್ದರೂ ತೀರ್ಮಾನ ಕೈಗೊಳ್ಳುವವರು ಕ್ಲಾರ್ಕ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ ರಾಜ್ಯದೊಳಗಿನ ಆಡಳಿತ ವಿಭಾಗ) ಏಳು ಮಂದಿ ಚುನಾಯಿತ ಕಮಿಷನರುಗಳು.

ಹೀಗೆ ರಾಜ್ಯದ ಕಾನೂನಿನಂತೆ ನಗರವಾಗಿ ರಚನೆಯಾಗದ ಊರನ್ನು ‘ಅನ್‌ಇನ್‌ಕಾರ್ಪೊರೇಟೆಡ್’ ಎನ್ನುತ್ತಾರೆ. ಸಣ್ಣ ಹಳ್ಳಿಯೂ ಒಂದು ಗ್ರಾಮ ಪಂಚಾಯಿತಿಗೆ ಸೇರಿರುವುದನ್ನು ಕಂಡ ನಮಗೆ, ಲಕ್ಷಕ್ಕೂ ಹೆಚ್ಚು ಜನರಿರುವ ಈಸ್ಟ್ ಲಾಸ್ ಏಂಜಲೀಸ್‌ಗೆ ಸ್ವಂತ ಸ್ಥಳೀಯ ಸಂಸ್ಥೆಯಿಲ್ಲ ಎಂಬುದು ವಿಚಿತ್ರವೆನಿಸುವುದು ಸಹಜ.

ಖಚಿತಪಡಿಸಿಕೊಳ್ಳಲು ಆಸ್ತಿ ತೆರಿಗೆಯ ಬಿಲ್ಲನ್ನು ಕೇಳಿ ಪಡೆದು, ಅದರಲ್ಲಿರುವ ಪಾರ್ಸೆಲ್ ಸಂಖ್ಯೆಯನ್ನು, ಎಂದರೆ ನಿವೇಶನದ ಗುರುತಿನ ಸಂಖ್ಯೆಯನ್ನು, ಆಸ್ತಿಗಳ ಮೌಲ್ಯ ನಿರ್ಧರಿಸುವ ಕೌಂಟಿ ಅಸೆಸರ್ ಕಚೇರಿಯ ನಕ್ಷೆಯಲ್ಲಿ ಹುಡುಕಿ, ನಿವೇಶನ ನಗರದ ಗೆರೆಯ ಒಳಗಿದೆಯೋ ಹೊರಗಿದೆಯೋ ನೋಡಿ. ಹೊರಗಿದ್ದರೆ ಕಟ್ಟಡ ಪರವಾನಗಿಗೆ ಸಾಮಾನ್ಯವಾಗಿ ಕೌಂಟಿಯನ್ನೇ ಕೇಳಬೇಕಾಗುತ್ತದೆ. ಶೆರಿಫ್ (ಕೌಂಟಿಯ ಪೊಲೀಸ್ ಅಧಿಕಾರಿ) ಬಂದರೆ ಕೌಂಟಿ, ನಗರದ ಪೊಲೀಸ್ ಬಂದರೆ ನಗರ ಎಂಬ ಲೆಕ್ಕ ಎಲ್ಲೆಡೆ ನಡೆಯದು: ಲಾಸ್ ವೇಗಸ್‌ನಲ್ಲಿ 1973ರಲ್ಲಿ ಎರಡೂ ಪಡೆಗಳು ಒಂದಾದವು. ಜನಗಣತಿಯ ಪಟ್ಟಿಯಲ್ಲಿ ಊರಿನ ಹೆಸರಿನ ಮುಂದೆ ‘ಸಿಡಿಪಿ’ (ಸೆನ್ಸಸ್ ಡೆಸಿಗ್ನೇಟೆಡ್ ಪ್ಲೇಸ್) ಎಂದಿದ್ದರೆ, ಅದು ಎಣಿಕೆಗಾಗಿ ಗುರುತಿಸಿದ ಪ್ರದೇಶವೇ ಹೊರತು ಆಡಳಿತ ಘಟಕವಲ್ಲ.

ಹೆಸರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಕ್ಷೆಗಳಲ್ಲಿ ಕೇಂದ್ರ ಸರ್ಕಾರ ಬಳಸುವ ಸ್ಥಳನಾಮಗಳನ್ನು 1890ರಲ್ಲಿ ಹುಟ್ಟಿದ ಭೌಗೋಳಿಕ ಹೆಸರುಗಳ ಮಂಡಳಿ ನಿರ್ಧರಿಸುತ್ತದೆ. ಕೌಂಟಿಯ ಹೆಸರು ಮಾತ್ರ ರಾಜ್ಯದ ಕಾನೂನಿಗೆ ಬಿಟ್ಟದ್ದು. ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಗೆ 1852ರಲ್ಲಿ ಗುಲಾಮರ ಒಡೆಯನಾಗಿದ್ದ ವಿಲಿಯಂ ರೂಫಸ್ ಕಿಂಗ್‌ನ ಹೆಸರಿಟ್ಟಿದ್ದರು. ಅದು ಇನ್ನು ಮುಂದೆ ನಾಗರಿಕ ಹಕ್ಕುಗಳ ಹೋರಾಟಗಾರ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅವರ ಹೆಸರೆಂದು ಕೌಂಟಿ ಮಂಡಳಿ 1986ರಲ್ಲೇ ನಿರ್ಣಯಿಸಿದರೂ, ರಾಜ್ಯದ ಕಾನೂನಿನಲ್ಲಿ ಅದು ಸೇರಿದ್ದು 2005ರಲ್ಲಿ.

ಅರ್ಜಿಗಳಲ್ಲಿ ಹೆಸರನ್ನು ಪೂರ್ತಿಯಾಗಿ ಬರೆಯಿರಿ. ಲೂಸಿಯಾನಾದಲ್ಲಿ ಕೌಂಟಿಯ ಬದಲು 64 ಪ್ಯಾರಿಷ್‌ಗಳಿವೆ. ವರ್ಜೀನಿಯಾದಲ್ಲಂತೂ ಫೇರ್‌ಫ್ಯಾಕ್ಸ್ ನಗರವೇ ಬೇರೆ, ಫೇರ್‌ಫ್ಯಾಕ್ಸ್ ಕೌಂಟಿಯೇ ಬೇರೆ. ಬರೀ ‘ಫೇರ್‌ಫ್ಯಾಕ್ಸ್’ ಎಂದು ಬರೆದರೆ ಯಾವುದೆಂದು ತಿಳಿಯುವುದಿಲ್ಲ.